ಸರೋಜಳ ಗಂಟಲು, ನನ್ನ ಹೆಬ್ಬೆರಳು

ಆ ಬಸ್ಸು ಸಿಂಧನೂರಿನವರೆಗೂ ಹೋಗುವುದಿತ್ತು. ನಾನು ನನ್ನ ತಂಗಿಯನ್ನು ನಡುವೆ ಮಸ್ಕಿಯಲ್ಲೇ ಇಳಿಸಿಕೊಂಡೆ. ಮನೆಗೆ ಹೋಗಬೇಡಿರಿ, ನೇರವಾಗಿ ಸಿಂಧನೂರಿಗೇ ಹೋಗಿರಿ ಎಂದು ಲಿಂಗಸುಗೂರಿನ ಡಾಕ್ಟರು ಎರಡೆರಡು ಸಲ ಹೇಳಿ ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ನನ್ನ ಕೈಚೀಲದಲ್ಲೇ ಇತ್ತು. ನಾನು ಡಾಕ್ಟರನ್ನು ನಂಬಲಿಲ್ಲ. ತಂಗಿಯನ್ನೂ ನಂಬಲಿಲ್ಲ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆದರೆ, ಪಾಪ ಅಕ್ಕ ತಂಗಿಗಾಗಿ ಎಷ್ಟು ಓಡಾಡಿದಳು ಎಂದು ಓದುವವರಿಗೆ ಅನ್ನಿಸಬಹುದು. ನಮ್ಮ ಓಣಿಯ ಜನ ಹಾಗೆಯೇ ತಿಳಿದಿದ್ದಾರೆ. ನಾನು ಓಡಾಡಿದ್ದು ನಿಜ. ಆದರೆ ಮೊದಲ ಮೂರು ದಿನ ಓಡಾಡಿದ್ದು ಸಂಶಯದಿಂದ.

ನನ್ನ ಹೆಸರು ದುರುಗಮ್ಮ. ಮಸ್ಕಿಯಲ್ಲಿ ಖಾನಾವಳಿಗಳಿಗೆ ಜೋಳದ ಖಡಕ್ ರೊಟ್ಟಿ ಮಾಡಿಕೊಡುತ್ತೇನೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಅವ್ವ ಭತ್ತದ ನಾಟಿ ಹಚ್ಚಲು ವಳಕಮದಿನ್ನಿ ಕಡೆಯ ಗದ್ದೆಗಳಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆಗ ಮನೆಯಲ್ಲಿದ್ದ ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಆ ಕೂಸೇ ಸರೋಜ, ನನಗಿಂತ ಒಂಬತ್ತು ವರ್ಷ ಸಣ್ಣವಳು. ಅವಳು ಓದಿದಳು, ಪರೀಕ್ಷೆ ಪಾಸು ಮಾಡಿದಳು, ಬಸ್ ಕಂಡಕ್ಟರ್ ಆದಳು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಇದೇ ಅವಳ ದಾರಿ. ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಇದನ್ನು ಬರೆದವಳು ನಾನೇ. ಒತ್ತಕ್ಷರ ತಿದ್ದಿದವಳು ಅವಳು. ಮಾತಿಗೆ ಮಾತ್ರ ಕೈ ಹಚ್ಚಬೇಡ ಎಂದು ಹೇಳಿದ್ದೇನೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನಗೆ ನಮ್ಮ ಅಜ್ಜಿಯಿಂದ ಬಂದ ಒಂದು ಕೈಗುಣವಿದೆ ಎಂದು ಜನ ಹೇಳುತ್ತಿದ್ದರು. ಗಂಟಲಿನ ಬಾಗಿಲಲ್ಲಿ ಜೋತು ಬಿದ್ದಿರುವ ಕಿರುನಾಲಿಗೆ ಇದೆಯಲ್ಲ, ಮಕ್ಕಳಿಗೆ ಕೆಮ್ಮು ಬಂದರೆ, ಊಟ ಸೇರದಿದ್ದರೆ, ಅದು ಬಿದ್ದಿದೆ ಎನ್ನುತ್ತಾರೆ. ಹೆಬ್ಬೆರಳಿಗೆ ಉಪ್ಪು ಮತ್ತು ಮೆಣಸಿನ ಕಾಳಿನ ಪುಡಿ ಹಚ್ಚಿಕೊಂಡು ಬಾಯಿಯೊಳಗೆ ಹಾಕಿ ಅದನ್ನು ಮೇಲಕ್ಕೆ ಒತ್ತಬೇಕು. ಅದಕ್ಕೆ ಕಿರುನಾಲಿಗೆ ಎತ್ತುವುದು ಎನ್ನುತ್ತಾರೆ. ಮುಂಜಾನೆ ಒಲೆ ಹಚ್ಚುವ ಮೊದಲೇ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು. ನಾಲ್ಕನೆಯ ತರಗತಿ ಓದಿದವಳಿಗೆ ಅದೊಂದು ದೊಡ್ಡಸ್ತಿಕೆ. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಹಿತವಾಗಿತ್ತು.

ಜಗಳವಾದದ್ದು ಒಂದು ರವಿವಾರ. ಸರೋಜಳ ಖಾಕಿ ಅಂಗಿ ಒಗೆಯುವಾಗ ಕಿಸೆಯಲ್ಲಿ ಮಡಚಿದ ಕಾಗದ ಸಿಕ್ಕಿತು. ನಾನು ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಕಚೇರಿಯ ಕನ್ನಡ ನನಗೆ ಹತ್ತುವುದಿಲ್ಲ. ರೊಟ್ಟಿ ಕೊಡಲು ಹೋದಾಗ ಖಾನಾವಳಿಯ ಈರಮ್ಮನಿಂದ ಓದಿಸಿದೆ. ಸ್ವಂತ ಕೋರಿಕೆಯ ಮೇರೆಗೆ ಲಿಂಗಸುಗೂರಿಗೆ ವರ್ಗ ಮಾಡಬೇಕೆಂದು ಅರ್ಜಿ. ಈರಮ್ಮ ಕಾಗದ ಮಡಚುತ್ತ, ಇದು ಯಾರೋ ಕಳಿಸಿದ್ದಲ್ಲ, ತಾನಾಗಿ ಕೇಳ್ಯಾಳ ನೋಡು ಎಂದಳು. ಕಾಗದವನ್ನು ಅವಳ ಕೈಯಿಂದ ಕಸಿದುಕೊಂಡು ಮನೆಗೆ ಬಂದೆ.

ಸರೋಜ ಮನೆಗೆ ಬಂದೊಡನೆ ಕೇಳಿದೆ.

“ಯಾರದಾರ ಬೇ ಅಲ್ಲಿ?”

“ಯಾರಿಲ್ಲ ಯಕ್ಕ. ಒಬ್ಬಾಕೆ ಇದ್ದು ನೋಡಬೇಕು ಅನಿಸೈತಿ. ಲಿಂಗಸೂರು ಏನು ಪರದೇಶ ಆತೇನು? ತಾಸಿನ ಹಾದಿ.”

ಹೀಗೆ ಹೇಳಿ ಅವಳು ನಕ್ಕಳು. ನಗದಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ. ನಾನು ಶಾಲೆ ಬಿಟ್ಟದ್ದರಿಂದ ಹಿಡಿದು ಎಲ್ಲವನ್ನೂ ಎಣಿಸಿ ಆಡಿದೆ. ಅವಳು ಕೊನೆಗೆ, ನಾನು ಕೇಳಿದ್ದೆನೇನು ನಿನಗೆ ಶಾಲೆ ಬಿಡು ಅಂತ ಎಂದಳು. ಆಗ ನನ್ನ ಬಾಯಿಂದ ಆ ಬೈಗುಳ ಬಂತು. ನಮ್ಮ ಕಡೆ ಹೆಂಗಸರು ನಲ್ಲಿಯ ಹತ್ತಿರದ ಜಗಳದಲ್ಲಿ ಆಡುವ ಮಾತು ಅದು. ಮಾತೇ ನಿಂತುಹೋಗಲಿ ಎಂಬ ಶಾಪ, ಹಡೆದವರು, ಬೆಳೆಸಿದವರು ಆಡಬಾರದ ಮಾತು.

“ನಿನ್ನ ನಾಲಿಗಿ ಸೇದಿ ಹೋಗ್ಲಿ.”

ಮರುದಿನ ಸೋಮವಾರ. ಮುಂಜಾನೆ ಡ್ಯೂಟಿಗೆ ಹೋಗುವಾಗ ಚೆನ್ನಾಗಿಯೇ ಇದ್ದಳು. ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಕುತ್ತಿಗೆ ಹಿಡಿದುಕೊಂಡಳು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಇದ್ದಕ್ಕಿದ್ದಂತೆ ಗಂಟಲು ಚುಚ್ಚಲು ಶುರುವಾಯಿತು, ಬಲಗಿವಿಯವರೆಗೆ ಸೆಳೆಯುತ್ತಿದೆ ಎಂದಳು. ಒಂದೇ ದಿನದಲ್ಲಿ ಗಂಟಲು ಹೀಗೆ ಹೇಗೆ ಆಗುತ್ತದೆ? ನಾನು ಒಳಗೊಳಗೇ ನಕ್ಕೆ. ನಿನ್ನೆ ಜಗಳ, ಇವತ್ತು ಗಂಟಲು. ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಹಾಗೆಯೇ ಹೊರಗೆ ತೆಗೆದು, ಗಂಗಾಳ ಸರಿಸಿದಳು. ಇಪ್ಪತ್ತು ವರ್ಷ ನನ್ನ ಕೈಯ ರೊಟ್ಟಿ ತಿಂದು ಬೆಳೆದವಳಿಗೆ ಈಗ ಅದು ಬೇಡವಾಯಿತು ಎಂದುಕೊಂಡೆ. ಅವಳಿಗೆ ಕೇಳಿಸುವಂತೆ ಬೆಕ್ಕನ್ನು ಕರೆದು ಹಾಕಿದೆ.

ಮಂಗಳವಾರ ರಜೆ ಹಾಕಿ ಮನೆಯಲ್ಲಿ ಉಳಿದಳು. ಮಾತು ನಿಂತಿತ್ತು. ಏನಾದರೂ ಹೇಳಿದರೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ದಪ್ಪ ಸ್ವರ. ಮೈ ಬಿಸಿ ಇತ್ತು. ಕರ್ಚೀಫಿನಲ್ಲಿ ಆಗಾಗ ಉಗುಳುತ್ತಿದ್ದಳು. ನಾನು ಹತ್ತಿರ ಬಂದಾಗಲೇ ಉಗುಳುತ್ತಾಳೆ ಎಂದು ನನಗೆ ಕಂಡಿತು. ಸಂಶಯ ಹೊಕ್ಕ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಅವಳು ನಾನು ದೂರ ಇದ್ದಾಗಲೂ ಉಗುಳುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಾಯಿ ತೆಗೆ ನೋಡೋಣ ಎಂದೆ. ಬೇಡ ಎಂದು ಕೈ ಆಡಿಸಿದಳು. ಗದ್ದ ಹಿಡಿದು, ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಅವಳ ಕಿರುನಾಲಿಗೆ ನಡುವೆ ಇರಲಿಲ್ಲ. ಎಡಕ್ಕೆ ವಾಲಿ ನಿಂತಿತ್ತು. ಅದನ್ನು ನೋಡಿ ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಮಾಧಾನ. ಆಟವೂ ಅಲ್ಲ, ದೊಡ್ಡ ರೋಗವೂ ಅಲ್ಲ, ಕಿರುನಾಲಿಗೆ ಬಿದ್ದಿದೆ, ಇದು ನನ್ನ ಕೈಯ ಕೆಲಸ. ಎತ್ತಿದೆನೆಂದರೆ ನನ್ನ ಹತ್ತಿರವೇ ವಾಸಿಯಾಗುತ್ತಾಳೆ. ಇನ್ನು ಲಿಂಗಸುಗೂರು ಯಾಕೆ?

ಹೆಬ್ಬೆರಳಿಗೆ ಉಪ್ಪು, ಮೆಣಸಿನ ಪುಡಿ ಹಚ್ಚಿಕೊಂಡೆ. ಅವಳು ಗೋಡೆಗೆ ಸರಿದಳು. ಸಣ್ಣವಳಿದ್ದಾಗ ಹಿಡಿಯುತ್ತಿದ್ದ ಹಾಗೆ ಎಡಗೈಯಿಂದ ತಲೆ ಹಿಡಿದು ಬೆರಳು ಒಳಗೆ ಹಾಕಿ ಒತ್ತಿದೆ. ಅವಳ ಗಂಟಲಿನಿಂದ ಬಂದ ಸದ್ದು ಕೂಗೂ ಅಲ್ಲ, ಅಳುವೂ ಅಲ್ಲ. ಬಲಗಡೆ ಏನೋ ಗಟ್ಟಿಯಾಗಿ, ಬಿಸಿಯಾಗಿ ಕೈಗೆ ಹತ್ತಿತು. ಅಷ್ಟರಲ್ಲಿ ಹಲ್ಲು ನನ್ನ ಬೆರಳಿನ ಮೇಲೆ ಕೂತವು. ಬೆರಳು ಕಿತ್ತುಕೊಂಡು ನೋಡಿದರೆ ರಕ್ತ. ನನ್ನದೋ ಅವಳದೋ ಗೊತ್ತಾಗಲಿಲ್ಲ. ಬೇಕೆಂದೇ ಕಚ್ಚಿದಳು ಎಂದು ತಿಳಿದು, ಅವಳ ಬೆನ್ನಿಗೊಂದು ಗುದ್ದು ಹಾಕಿ ಒಳಗೆ ಹೋದೆ. ದವಡೆ ತಾನಾಗಿಯೇ ಬಿಗಿದು ಮುಚ್ಚುತ್ತಿತ್ತು, ಅದು ಅವಳ ಕೈಯಲ್ಲಿ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಗುರುವಾರ.

ಬುಧವಾರ ಮುಂಜಾನೆ ಅವಳು ತಾನಾಗಿಯೇ ಸೀರೆ ಉಟ್ಟು ಬಸ್‌ಸ್ಟ್ಯಾಂಡಿಗೆ ಹೊರಟಳು. ಲಿಂಗಸುಗೂರು ಎಂದು ಕೈಯಿಂದ ಪಶ್ಚಿಮಕ್ಕೆ ತೋರಿಸಿದಳು. ನಾನು ಒಲೆ ಆರಿಸಿ ಹಿಂದೆಯೇ ಹೋದೆ. ಬಸ್ಸಿನಲ್ಲಿ ಅವಳ ಪಕ್ಕ ಕುಳಿತಾಗ ಜನ ಎಂಥ ಅಕ್ಕ ಎಂದಿರಬೇಕು. ನಾನು ಹೋದದ್ದು ಅಲ್ಲಿ ಯಾರು ಬಂದು ನಿಲ್ಲುತ್ತಾರೆ, ಬಾಡಿಗೆ ಕೋಣೆ ಎಲ್ಲಿ ಹಿಡಿದಿದ್ದಾಳೆ ಎಂದು ನೋಡಲು.

ಅವಳು ಹೋದದ್ದು ಒಂದು ಸಣ್ಣ ದವಾಖಾನೆಗೆ. ಕಂಪೌಂಡರ್ ಅವಳನ್ನು ಕಂಡದ್ದೇ ಹೆಸರು ಕೇಳದೆ ಕಪಾಟಿನಿಂದ ಕಾರ್ಡು ತೆಗೆದ.

“ಸರೋಜಮ್ಮಾರು ಅಲ್ಲೇನ್ರಿ? ಮತ್ತ ಗಂಟಲೇನು?”

ಮತ್ತ ಎಂದ. ನನ್ನ ಕಿವಿ ನಿಮಿರಿದವು. ಹಾಗಾದರೆ ಇವಳು ನನಗೆ ಹೇಳದೆ ಇಲ್ಲಿಗೆ ಎಷ್ಟು ಸಲ ಬಂದಿದ್ದಾಳೆ? ಬೆಂಚಿನ ಮೇಲೆ ಕುಳಿತು ಆ ಕಾರ್ಡನ್ನೇ ನೋಡುತ್ತಿದ್ದೆ. ತುದಿ ಸವೆದಿತ್ತು. ನಮ್ಮ ಎದುರು ಒಬ್ಬ ಮುದುಕ ಕಣ್ಣು ಮುಚ್ಚಿ ಕುಳಿತಿದ್ದ. ಗೋಡೆಯ ಮೇಲೆ ಹಲ್ಲಿನ ಚಿತ್ರವಿತ್ತು. ಸರೋಜ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ, ಕರ್ಚೀಫನ್ನು ಬಾಯಿಗೆ ಹಿಡಿದು ಕುಳಿತಿದ್ದಳು. ಅವಳ ಪಕ್ಕ ಕೂತು ನಾನು ಯೋಚಿಸಿದ್ದು ಆ ಕಂಪೌಂಡರಿಗೆ ಮದುವೆಯಾಗಿದೆಯೋ ಇಲ್ಲವೋ ಎಂದು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಬಾಯಿ ತೆರೆಯಲು ಹೇಳಿದರು. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಬೆಳಕು ಬಿಟ್ಟು ನೋಡಿ, ನನ್ನ ಕಡೆ ತಿರುಗಿದರು.

“ಗಂಟಲಾಗ ಯಾರರ ಬೆರಳು, ಕಡ್ಡಿ, ಏನರ ಹಾಕ್ಯಾರೇನ್ರಿ?”

ಸರೋಜ ನನ್ನನ್ನು ನೋಡಿದಳು.

“ಇಲ್ರಿ,” ಎಂದೆ.

ಟಿಕೆಟ್ ತೆಗೆಸದೆ ತೆಗೆಸಿದ್ದೇನೆ ಎನ್ನುವವರನ್ನು ಅವಳು ಬಸ್ಸಿನಲ್ಲಿ ನೋಡುತ್ತಾಳಲ್ಲ, ಹಾಗೆ ನೋಡಿದಳು. ಬೈಯುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ಒಂದು ಗಳಿಗೆ ಹೆಚ್ಚಿಗೆ ನೋಡುತ್ತಾಳೆ. ಆಮೇಲೆ ಕಣ್ಣು ಕೆಳಗೆ ಮಾಡಿದಳು. ನಾನು ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಕೀವು ತುಂಬಿದೆ, ಇವತ್ತೇ ತೆಗೆಯಬೇಕು, ನನ್ನ ಹತ್ತಿರ ಅದಕ್ಕೆ ವ್ಯವಸ್ಥೆ ಇಲ್ಲ, ಸಿಂಧನೂರಿನಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರಿದ್ದಾರೆ, ಮನೆಗೆ ಹೋಗದೆ ಅಲ್ಲಿಗೇ ಹೋಗಿರಿ ಎಂದರು. ಒಂದು ಸೂಜಿ ಮಾಡಿ ಚೀಟಿ ಬರೆದರು. ಚೀಟಿ ಇಂಗ್ಲಿಷಿನಲ್ಲಿತ್ತು. ಹೊರಗೆ ಬಂದು ಕಂಪೌಂಡರನನ್ನು ಕೇಳಿದೆ, ಸಿಂಧನೂರಿನ ಆ ಡಾಕ್ಟರು ಇವರಿಗೆ ಏನಾಗಬೇಕು ಎಂದು. ಪರಿಚಯದವರು ಎಂದ. ಅಷ್ಟು ಸಾಕಾಯಿತು ನನಗೆ. ಒಬ್ಬರು ಕಳಿಸುವುದು, ಇನ್ನೊಬ್ಬರು ಕೊಯ್ಯುವುದು, ಇವರ ದಂಧೆ ಇದು. ಕಿರುನಾಲಿಗೆ ಬಿದ್ದದ್ದಕ್ಕೆ ಕತ್ತರಿ ಯಾಕೆ?

ಬಸ್ಸು ಹತ್ತಿದೆವು. ಸಂತೆಕಲ್ಲೂರಿನಲ್ಲಿ ಒಂದಷ್ಟು ಜನ ಹತ್ತಿದರು. ಬೇರೆ ದಿನವಾಗಿದ್ದರೆ ಸರೋಜ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುತ್ತಿದ್ದಳು. ಅವಳ ಕೂಗು ಕೇಳಿಯೇ ನಿದ್ದೆ ಹೋದವರು ಎದ್ದು ಇಳಿಯುತ್ತಿದ್ದರು. ಆ ದಿನ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಜೊಲ್ಲು ಕರ್ಚೀಫು ದಾಟಿ ಸೀರೆಯ ಮೇಲೆ ಇಳಿಯುತ್ತಿತ್ತು.

ಮಸ್ಕಿ ಬಂತು. ನಾನು ಎದ್ದು ಅವಳ ತೋಳು ಹಿಡಿದೆ. ಅವಳು ತಲೆ ಅಲ್ಲಾಡಿಸಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಸಿಂಧನೂರಿಗಲ್ಲೇನು ಎಂದು ಕಂಡಕ್ಟರ್ ಕೇಳಿದ. ಮನಿ ಇಲ್ಲೇ ಐತಿ ಎಂದೆ. ಕಂಬಿಯ ಮೇಲಿನ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವುಗಳಲ್ಲಿ ಬಲ ಇರಲಿಲ್ಲ, ಬೇಗ ಬಿಟ್ಟವು. ಈಗಲೂ ರೊಟ್ಟಿ ಬಡಿಯುವಾಗ ನಡುವೆ ಕೈ ನಿಂತರೆ ಅದು ನೆನಪಾಗಿಯೇ ನಿಂತಿರುತ್ತದೆ.

ಆ ಸಂಜೆ ಅವಳು ಒಂದು ಸಣ್ಣ ಕಾಗದದ ಮೇಲೆ ಏನೋ ಬರೆದು ನನ್ನ ಕೈಯಲ್ಲಿಟ್ಟಳು. ಟಿಕೆಟ್ ಮಷೀನಿನಲ್ಲಿ ಹಾಕುವ ಕಾಗದದ ಚೂರು. ವರ್ಗದ ವಿಷಯವೇ ಇರಬೇಕು, ಬಾಯಿಂದ ಆಡಲಾರದ್ದನ್ನು ಬರೆದು ಒಪ್ಪಿಸುತ್ತಿದ್ದಾಳೆ ಎಂದುಕೊಂಡೆ. ನನಗೆ ಓದಲು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದೂ ಬರೆದು ಕೊಟ್ಟಳಲ್ಲ ಎಂಬ ಸಿಟ್ಟೂ ಇತ್ತು. ಅವಳ ಎದುರೇ ಆ ಚೂರನ್ನು ಹಿಟ್ಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದೆ. ಅವಳು ಮಲಗಲಿಲ್ಲ. ಗೋಡೆಗೂ ಒರಗದೆ, ಮುಂದಕ್ಕೆ ಬಾಗಿ ಕುಳಿತೇ ಬೆಳಗು ಮಾಡಿದಳು.

ಗುರುವಾರ ಬೆಳಕು ಹರಿದ ಮೇಲೆ ರೊಟ್ಟಿಗೆ ಹಿಟ್ಟು ತೆಗೆಯಲು ಡಬ್ಬಿ ತೆರೆದೆ. ಚೂರು ಕೈಗೆ ಬಂತು. ಹಿಟ್ಟು ಝಾಡಿಸಿ, ಬಾಗಿಲಿನ ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿದೆ. ನನಗೆ ಓದಲು ಸುಲಭವಾಗಲಿ ಎಂದು ದೊಡ್ಡದಾಗಿ, ಬಿಡಿಬಿಡಿಯಾಗಿ, ನಾವು ಆಡುವ ಮಾತಿನಲ್ಲೇ ಬರೆದಿದ್ದಳು.

“ಯಕ್ಕ, ಸಿಟ್ಟಿಲ್ಲ. ಉಗುಳು ನುಂಗಾಕ ಆಗವಲ್ದು. ಅಂಜಿಕಿ ಬರಾಕತ್ತೈತಿ.”

ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ನೋಡಿದೆ. ಬಲಗಡೆಯ ಕುತ್ತಿಗೆ ಊದಿ ದವಡೆಯ ಗೆರೆಯೇ ಇರಲಿಲ್ಲ. ಉಸಿರು ತೆಗೆದುಕೊಳ್ಳುವಾಗ ಸಣ್ಣ ಸದ್ದು ಬರುತ್ತಿತ್ತು, ಒಣಗಿದ ಎಲೆ ಎಳೆದ ಹಾಗೆ. ಹಿಟ್ಟಿನ ಕೈಯಲ್ಲೇ ಅವಳನ್ನು ಎಬ್ಬಿಸಿದೆ.

ಸಿಂಧನೂರಿನ ಬಸ್ಸಿನಲ್ಲಿ ಡ್ರೈವರ್ ಅವಳನ್ನು ಗುರುತಿಸಿದ. ಏನಾಯಿತೆಂದು ಕೇಳಿದವನು ನನ್ನ ಉತ್ತರಕ್ಕೆ ಕಾಯಲಿಲ್ಲ. ನಡುವಿನ ನಿಲುಗಡೆಗಳಲ್ಲಿ ಜನ ಕೈ ಮಾಡಿದರೂ ಮುಂದಿನ ಬಸ್ಸಿಗೆ ಬರಲು ಸನ್ನೆ ಮಾಡಿ ದಾಟಿಸಿದ. ಕಾಲುವೆ ಬಂತು, ಭತ್ತದ ಗದ್ದೆ ಬಂದವು. ನಾನು ಅವಳ ಉಸಿರಿನ ಸದ್ದನ್ನು ಕೇಳುತ್ತ ಕುಳಿತಿದ್ದೆ. ರವಿವಾರದ ಬೈಗುಳ ಮನಸ್ಸಿನಲ್ಲಿ ಬಂದು ನಿಂತಿತು. ನಾಲಿಗೆ ಸೇದಿ ಹೋಗಲಿ ಎಂದವಳು ನಾನೇ, ನಾಲಿಗೆಯ ಬುಡಕ್ಕೆ ಬೆರಳು ಹಾಕಿದವಳೂ ನಾನೇ.

ದವಾಖಾನೆಯಲ್ಲಿ ಜನ ಕಿಕ್ಕಿರಿದಿದ್ದರು. ನಮಗೆ ಸಿಕ್ಕ ನಂಬರ್ ಬಹಳ ಹಿಂದಿನದು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸರೋಜಳನ್ನೇ ನೋಡುತ್ತಿದ್ದಳು. ಏನು ನೋಡುತ್ತೀ ಎಂದು ನಾನು ಮುಖ ಗಂಟು ಹಾಕಿದೆ. ಅವಳು ದಢೇಸುಗೂರಿನವಳು, ಮಾತಿನಲ್ಲಿ ಸ್ವಲ್ಪ ತೆಲುಗಿನ ಎಳೆತ. ಎದ್ದು ಬಂದು ತನ್ನ ಚೀಟಿಯನ್ನು ನನ್ನ ಕೈಯಲ್ಲಿಟ್ಟಳು.

“ನೀವು ಮೊದ್ಲು ಹೋಗ್ರಮ್ಮಾ. ನಂದು ಆರು ತಿಂಗಳ ಕಿವಿನೋವು. ಇನ್ನೊಂದು ತಾಸು ತಡೀತೈತಿ.”

ಇವಳಿಗೆ ಇದರಿಂದ ಏನು ಸಿಗುತ್ತದೆ ಎಂದು ಆಗಲೂ ನನ್ನ ಮನಸ್ಸು ಹುಡುಕಿತು. ಏನೂ ಸಿಗಲಿಲ್ಲ ಅವಳಿಗೆ. ನನ್ನ ನಂಬರ್ ಹಿಡಿದುಕೊಂಡು ಗೋಡೆಯ ಹತ್ತಿರ ಹೋಗಿ ನಿಂತಳು, ಯಾಕೆಂದರೆ ಅವಳು ಎದ್ದ ಜಾಗದಲ್ಲಿ ಬೇರೆಯವರು ಕುಳಿತಿದ್ದರು. ಅವಳ ಹೆಸರು ಕೇಳಲಿಲ್ಲ ನಾನು.

ಒಳಗಿದ್ದವರು ಹೆಣ್ಣು ಡಾಕ್ಟರು. ಬೆಳಕಿನ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡಿದ್ದರು. ಲಿಂಗಸುಗೂರಿನ ಚೀಟಿ ಓದಿ, ತಾರೀಕು ನೋಡಿ, ನಿನ್ನೆ ಯಾಕೆ ಬರಲಿಲ್ಲ ಎಂದರು. ನಾನು ಸರೋಜಳನ್ನು ಕುರ್ಚಿಗೆ ಕೂರಿಸಿದೆ. ಸರೋಜಳ ಗಂಟಲು ನೋಡಿದರು. ನಂತರ ಅದೇ ಪ್ರಶ್ನೆ ಕೇಳಿದರು, ಒಳಗೆ ಯಾರಾದರೂ ಏನಾದರೂ ಹಾಕಿದ್ದರೇನು ಎಂದು.

ಈ ಸಲ ಸರೋಜ ನನ್ನನ್ನು ನೋಡಲಿಲ್ಲ. ಗೋಡೆ ನೋಡುತ್ತಿದ್ದಳು. ಅದನ್ನು ತಡೆದುಕೊಳ್ಳುವುದು ಆಗಲಿಲ್ಲ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಹಲ್ಲಿನ ಗುರುತು ಇನ್ನೂ ಇತ್ತು.

“ಇದು ಹಾಕೀನ್ರಿ. ಮಂಗಳಾರ. ಕಿರುನಾಲಿಗಿ ಬಿದ್ದೈತಿ ಅಂತ ಎತ್ತಿದೆ. ನಿನ್ನೆ ಆ ಡಾಕ್ಟರ್ ಕೇಳಿದ್ರ ಇಲ್ಲ ಅಂದೆ.”

ಬೈಯುತ್ತಾರೆ ಎಂದು ತಲೆ ಬಗ್ಗಿಸಿ ನಿಂತಿದ್ದೆ. ಅವರು, ಉಗುರು ತಾಗಿತ್ತೇ, ರಕ್ತ ಬಂದಿತ್ತೇ, ಎಷ್ಟು ಸಲ ಒತ್ತಿದಿರಿ ಎಂದು ಕೇಳಿ ಬರೆದುಕೊಂಡರು, ಅಷ್ಟೆ. ಆಮೇಲೆ ಒಂದೇ ಮಾತು ಹೇಳಿದರು.

“ಕಿರುನಾಲಿಗಿ ಬಿದ್ದಿಲ್ಲಮ್ಮ. ಬಾಜೂಕ ಕೀವು ತುಂಬಿ ಅದನ್ನ ಆ ಕಡೆ ನೂಕೈತಿ.”

ನನ್ನ ಕಣ್ಣು ಕಂಡದ್ದು ಸರಿಯಾಗಿಯೇ ಇತ್ತು. ಅದು ವಾಲಿತ್ತು. ಯಾಕೆ ವಾಲಿದೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಎಷ್ಟು ಕೂಸುಗಳ ಬಾಯಿಯೊಳಗೆ ನೋಡಿದ್ದೇನೆ, ಯಾವತ್ತೂ ಕೇಳಿಕೊಂಡಿರಲಿಲ್ಲ.

ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಬಳಿ ನಿಂತೆ. ಒಳಗಿನಿಂದ ಉಗುಳು, ಉಗುಳು ಎಂದು ಡಾಕ್ಟರು ಹೇಳುವುದು, ಬೇಸಿನ್ನಿನ ಸದ್ದು, ಸರೋಜಳ ಕೆಮ್ಮು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆ ನಿಶ್ಶಬ್ದದಲ್ಲಿ ನಾನು ದೇವರಿಗೆ ಹರಕೆ ಹೊರಲಿಲ್ಲ. ರವಿವಾರ ನಾನು ಆಡಿದ ಮಾತನ್ನು ಯಾರಾದರೂ ಹಿಂದಕ್ಕೆ ಕೊಡುತ್ತಾರೇನೋ ಎಂದು ಯೋಚಿಸುತ್ತಿದ್ದೆ.

ಮೂರು ದಿನ ಅಲ್ಲಿದ್ದೆವು. ಸಂಶಯ ಒಂದೇ ಸಲಕ್ಕೆ ಹೋಗುವ ರೋಗವಲ್ಲ. ಸಲಾಯಿನ್ ಬಾಟಲಿಯ ಮುಚ್ಚಳ ಮೊದಲೇ ತೆರೆದಿತ್ತೇನೋ ಎಂದು ನೋಡಿದೆ. ನರ್ಸು ಸೂಜಿಯಲ್ಲಿ ತುಂಬುವ ಔಷಧಿ ನಿನ್ನೆಯ ಬಣ್ಣದ್ದೇ ಹೌದೋ ಎಂದು ನೋಡಿದೆ. ಆ ನರ್ಸು ನಗುತ್ತ, ಅಕ್ಕಾರ, ನಿಮಗೂ ಒಂದು ಮಾಡಲೇನು ಎಂದಳು. ಸರೋಜಳ ಮುಖದಲ್ಲಿ ಒಂದು ಕಡೆ ಮಾತ್ರ ನಗು ಬಂತು. ಇನ್ನೊಂದು ಕಡೆ ಇನ್ನೂ ನೋವಿತ್ತು.

ಮರುದಿನ ಅವಳು ನೀರು ಕುಡಿದಳು. ಚಮಚೆಯಿಂದ ಹಾಕಿದೆ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಒಂದು ಗುಟುಕು ನೀರು ಒಳಗೆ ಇಳಿಯುವುದನ್ನು ನಾನು ಹಾಗೆ ಯಾವತ್ತೂ ನೋಡಿರಲಿಲ್ಲ. ಮೂರನೆಯ ಚಮಚೆಗೆ ನನ್ನ ಕೈ ತಡೆದು, ಒಡೆದ ಸ್ವರದಲ್ಲಿ ಮೊದಲ ಮಾತು ಆಡಿದಳು.

“ಬೆರಳು ತೊಳಕೊಂಡಿಯೇನು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೊಳಕೊಂಡೀನಿ ಎಂದೆ. ಆಗಲೇ ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ನಮ್ಮಲ್ಲಿ ಹಿರಿಯರು ಕಿರಿಯರಿಗೆ ತಪ್ಪಾಯಿತು ಎನ್ನುವುದಿಲ್ಲ. ಗಂಗಾಳಕ್ಕೆ ಇನ್ನೊಂದು ಸೌಟು ಹಾಕುತ್ತಾರೆ, ತಲೆಗೆ ಎಣ್ಣೆ ಹಚ್ಚುತ್ತಾರೆ. ಕಿರಿಯರು ಅದನ್ನೇ ತಿಳಿದುಕೊಳ್ಳಬೇಕು. ನಾನೂ ಅವಳಿಗೆ ಗಂಜಿ ಮಾಡಿದೆ, ಅಂಬಲಿ ಮಾಡಿದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟೆ. ಅವಳು ಎಲ್ಲವನ್ನೂ ತಿಂದಳು. ಆದರೆ ನಾನು ನೀರಿನ ಲೋಟ ಹಿಡಿದು ಮುಖದ ಹತ್ತಿರ ಕೈ ತಂದಾಗ ಅವಳಿಗೆ ತಿಳಿಯದೆಯೇ ತಲೆ ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಅದು ಗಂಜಿಯಿಂದ ಹೋಗುವುದಾಗಿರಲಿಲ್ಲ.

ಮನೆಗೆ ಬಂದ ಮೇಲೆ ಲಿಂಗಸುಗೂರಿನ ಕಾರ್ಡಿನ ಬಗ್ಗೆ ಕೇಳಿದೆ. ವರ್ಷದಲ್ಲಿ ನಾಲ್ಕು ಸಲ ಗಂಟಲುನೋವು ಬಂದಿತ್ತು, ಡ್ಯೂಟಿ ಮುಗಿಸಿ ಅಲ್ಲೇ ತೋರಿಸಿ ಬರುತ್ತಿದ್ದೆ ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದರೆ, ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು. ಸಣ್ಣವಳಿದ್ದಾಗಿನಿಂದ ಅವಳಿಗೆ ಆ ಬೆರಳಿನ ಹೆದರಿಕೆ. ಲಿಂಗಸುಗೂರಿನಲ್ಲಿ ಯಾರನ್ನೋ ಅಡಗಿಸಿಟ್ಟಿದ್ದಾಳೆ ಎಂದು ನಾನು ಹುಡುಕಿದೆ. ಅವಳು ಅಡಗಿಸಿಟ್ಟದ್ದು ನೋವನ್ನು, ನನ್ನಿಂದ. ವರ್ಗದ ಅರ್ಜಿ ಮಾತ್ರ ನಿಜ. ಅದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಆದೇಶ ಬಂದಾಗ ಅವಳ ಹಾಸಿಗೆಯ ಸುರುಳಿಯನ್ನು ನಾನೇ ಬಸ್ಸಿಗೆ ಹಾಕಿ ಬಂದೆ.

ಈಗ ನಾನು ಯಾರ ಬಾಯಿಗೂ ಬೆರಳು ಹಾಕುವುದಿಲ್ಲ. ಕೂಸು ಎತ್ತಿಕೊಂಡು ಬಂದವರಿಗೆ, ಬಾಗಿಲಲ್ಲೇ ನಿಲ್ಲಿಸಿ, ದವಾಖಾನೆಗೆ ಹೋಗಿರಿ ಎನ್ನುತ್ತೇನೆ. ಜೊಲ್ಲು ನುಂಗಲು ಆಗದಿದ್ದರೆ, ಬಾಯಿ ತೆರೆಯಲು ಆಗದಿದ್ದರೆ ಒಂದು ಗಳಿಗೆಯೂ ನಿಲ್ಲಬೇಡಿರಿ ಎನ್ನುತ್ತೇನೆ. ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ದವಾಖಾನಿಯವರು ನಿನಗ ಏನರ ಕೊಡ್ತಾರೇನು ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಕಣ್ಣು ನನಗೆ ಗುರುತಿನದು.

ಸರೋಜ ಲಿಂಗಸುಗೂರಿಗೆ ಹೋಗಿ ತಿಂಗಳಾದ ಮೇಲೆ ಒಂದು ಮುಂಜಾನೆ ಮೆತ್ತನೆಯ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮಸ್ಕಿ ಸ್ಟ್ಯಾಂಡಿನಲ್ಲಿ ನಿಂತೆ. ಲಿಂಗಸುಗೂರಿಗೆ ಹೋಗುವ ಅವಳದೇ ಬಸ್ಸು ಬಂತು, ಹತ್ತಿದೆ. ಖಾಕಿ ಅಂಗಿ, ಹೆಗಲಿಗೆ ಚೀಲ. ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು ಕೈ ಚಾಚಿದಳು.

“ಆಧಾರ್ ತೋರ್ಸ್ರಿ.”

“ನಾ ಯಾರಂತ ಗೊತ್ತಿಲ್ಲೇನು ಬೇ ನಿನಗ?”

“ಗೊತ್ತೈತಿ. ಆದ್ರೂ ತೋರ್ಸ್ರಿ.”

ಸುತ್ತಲಿನವರು ನಕ್ಕರು. ತೋರಿಸಿದೆ. ಹೆಂಗಸರಿಗೆ ಕೊಡುವ ದುಡ್ಡಿಲ್ಲದ ಟಿಕೆಟನ್ನು ಹರಿದು ಕೊಟ್ಟಳು. ಅವಳು ಆ ಸಂಜೆ ಬರೆದುಕೊಟ್ಟ ಚೂರೂ ಇದೇ ಕಾಗದದ್ದು. ಅದನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು ಕುಳಿತೆ.

ಸಂತೆಕಲ್ಲೂರು ಬಂತು. ಅವಳು ಬಾಗಿಲಿಗೆ ಹೋಗಿ, ಕಂಬಿ ಹಿಡಿದು, ತುಂಬು ಗಂಟಲಿನಿಂದ ಊರಿನ ಹೆಸರು ಕೂಗಿದಳು. ಇಡೀ ಬಸ್ಸು ಕೇಳಿತು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಮುದುಕಿಯೊಬ್ಬಳು ಗಡಬಡಿಸಿ ಎದ್ದು ಗಂಟು ಎತ್ತಿಕೊಂಡಳು. ಕಂಬಿಯ ಮೇಲೆ ಸರೋಜಳ ಬೆರಳು ಗಟ್ಟಿಯಾಗಿ ಕುಳಿತಿದ್ದವು.

ಬಸ್ಸು ಮತ್ತೆ ಹೊರಟಿತು. ಅವಳು ಬಂದು ನನ್ನ ಪಕ್ಕದ ತನ್ನ ಸೀಟಿನಲ್ಲಿ ಕುಳಿತು ಮಷೀನು ನೋಡತೊಡಗಿದಳು. ಇಂಜಿನ್ನಿನ ಸದ್ದಿಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಮುಂದೆ, ಹಿಂದೆ ಜನರಿದ್ದರು. ಇರಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

“ಸರು, ನಿನ್ನ ನಾಲಿಗಿ ಸೇದಿ ಹೋಗ್ಲಿ ಅಂದಾಕಿ ನಾನು. ನೀ ಒಲ್ಲೆ ಅಂದ್ರೂ ಬಾಯಾಗ ಬೆರಳು ಹಾಕಿದೆ. ಡಾಕ್ಟರ್ ಮುಂದ ಇಲ್ಲ ಅಂತ ಸುಳ್ಳು ಹೇಳಿದೆ. ಇದಾ ಹಾದ್ಯಾಗ ನಿನ್ನ ಕೈ ಬಿಡಿಸಿ ಇಳಿಸಿಕೊಂಡು ಹೋದೆ. ನೀ ಖರೇನ ಹೇಳಾಕತ್ತಿದ್ದಿ, ನಾ ನಂಬಲಿಲ್ಲ. ತಪ್ಪಾತವ್ವ ನಂದು. ದೊಡ್ಡ ತಪ್ಪಾತು.”